ಡಾರ್ಮ್‌ಸ್ಟಾಟಿನಲ್ಲಿ ಮನೆ ಬಿಡಿಸಿದ ವರ್ಷ

ನಾವೀಗ ಇರುವ ಜರ್ಮನಿಯ ರೇಗನ್ಸ್‌ಬರ್ಗಿನಲ್ಲಿ ಮಗಳ ಗೆಳತಿಯೊಬ್ಬಳ ಮನೆ ಹಳೆಯ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿದೆ. ಹೋದ ವಾರ ಮಗಳನ್ನು ಕರೆದುಕೊಂಡು ಬರಲು ಹೋದೆ. ಕೆಳಬಾಗಿಲು ತಳ್ಳಿದ ಕೂಡಲೇ ನೆಲಕ್ಕೆ ತಿಕ್ಕುವ ಮೇಣದ ವಾಸನೆ ಬಂತು. ಈಗಿನ ಕಟ್ಟಡಗಳಲ್ಲಿ ಆ ಮೇಣ ಬಳಸುವವರಿಲ್ಲ. ಸ್ವಲ್ಪ ಟರ್ಪೆಂಟೈನ್, ಸ್ವಲ್ಪ ಜೇನು, ಸ್ವಲ್ಪ ಹಳೆಯ ಮರದ ಬೀರು ಸೇರಿದಂಥ ವಾಸನೆ. ಎರಡು ಮೆಟ್ಟಿಲು ಹತ್ತಿದವಳು ಮುಂದೆ ಹೋಗಲಾರದೆ ಕಟಕಟೆ ಹಿಡಿದು ನಿಂತುಬಿಟ್ಟೆ. ಮೇಲಿಂದ ಇಳಿದು ಬರುತ್ತಿದ್ದವರೊಬ್ಬರು ಹುಷಾರಿಲ್ಲವೇ ಎಂದು ಕೇಳಿದರು. ಏನಿಲ್ಲ, ಮೆಟ್ಟಿಲು ಜಾಸ್ತಿ ಎಂದೆ.

ಆ ವಾಸನೆ ನನಗೆ ಗೊತ್ತಿರುವುದು ಡಾರ್ಮ್‌ಸ್ಟಾಟಿನ ಒಂದೇ ಒಂದು ಮನೆಯಿಂದ. ಅಲ್ಲಿ ಮೂರನೇ ಮಹಡಿಯಲ್ಲಿ ಫ್ರಾವ್ ಗೆರ್ಲಾಖ್, ಅಂದರೆ ಶ್ರೀಮತಿ ಗೆರ್ಲಾಖ್, ಎಂಬ ಎಂಬತ್ತು ವರ್ಷದ ಹೆಂಗಸು ಪ್ರತಿ ಶನಿವಾರ ಬೆಳಿಗ್ಗೆ ಮಂಡಿಯೂರಿ ಕುಳಿತು ತಮ್ಮ ಬಾಗಿಲ ಮುಂದಿನ ನೆಲಕ್ಕೆ ಮೇಣ ತಿಕ್ಕುತ್ತಿದ್ದರು. ಆ ಮನೆಯಲ್ಲಿ ಅವರ ಕೊನೆಯ ವರ್ಷದ ಮಾತು ಇದು. ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ. ಊರಿನಲ್ಲಿ ಅಮ್ಮನಿಗೂ ಹೇಳಿಲ್ಲ.

ಅದಕ್ಕೆ ಹಿಂದಿನ ವರ್ಷವೆಲ್ಲ ನಾವು ಮನೆ ಹುಡುಕಿ ಸೋತಿದ್ದೆವು. ನಾನು ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಲ್ಯಾಬೊಂದರಲ್ಲಿ ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸುವ ಕೆಲಸದಲ್ಲಿದ್ದೆ. ಗಂಡ ಪ್ರಕಾಶ ಕಾರಿನ ಬ್ರೇಕುಗಳ ಎಂಜಿನಿಯರ್. ಮಗಳು ಸಾನ್ವಿಗೆ ಆರು ವರ್ಷ. ಇಬ್ಬರಿಗೂ ಕೆಲಸವಿತ್ತು, ಸಂಬಳವಿತ್ತು, ಇರಲಿಕ್ಕೆ ಜಾಗ ಮಾತ್ರ ಇರಲಿಲ್ಲ. ಆಗಿದ್ದ ಬಾಡಿಗೆ ಮನೆಯ ಕರಾರು ಮುಂದಿನ ವರ್ಷದ ಡಿಸೆಂಬರಿಗೆ ಮುಗಿಯುವುದಿತ್ತು. ಆಮೇಲೆ ಕಟ್ಟಡವನ್ನು ಕೆಡವಿ, ಹೊಸದು ಕಟ್ಟಿ, ಮಾರುವುದಾಗಿ ಯಜಮಾನ ಮೊದಲೇ ತಿಳಿಸಿದ್ದ.

ಡಾರ್ಮ್‌ಸ್ಟಾಟ್ ಯುದ್ಧದಲ್ಲಿ ಸುಟ್ಟುಹೋದ ಊರು. ಒಂದೇ ದಾಳಿಗೆ ನಡು ಊರು ಬೂದಿಯಾಯಿತಂತೆ. ಆಮೇಲೆ ಬದುಕುಳಿದವರ ತಲೆಯ ಮೇಲೊಂದು ಸೂರಾಗಲಿ ಎಂದು ಅವಸರದಲ್ಲಿ ಕಟ್ಟಿದ ಸಾದಾ ಮನೆಗಳು ಇವತ್ತಿಗೂ ಸಾಲುಸಾಲಾಗಿ ನಿಂತಿವೆ. ತೆಳು ಗೋಡೆ, ತಗ್ಗು ಸೂರು, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆ. ಏನೂ ಇಲ್ಲದವರಿಗೆಂದು ಕಟ್ಟಿದ್ದ ಅವನ್ನೇ ಈಗ ಹೊಳಪಿನ ಫೋಟೋ ಹಾಕಿ ಮಾರುತ್ತಿದ್ದರು. ಫ್ರಾಂಕ್‌ಫರ್ಟಿನಲ್ಲಿ ಬಾಡಿಗೆ ಕೊಡಲಾರದವರೆಲ್ಲ ಈ ಕಡೆ ಬರುತ್ತಿದ್ದರು. ಒಂದು ಮನೆ ನೋಡಲು ಐವತ್ತು ಅರವತ್ತು ಜನ ರಸ್ತೆಯ ತನಕ ಸಾಲು ನಿಲ್ಲಬೇಕಿತ್ತು. ನಮ್ಮ ಸರದಿ ಬಂದಾಗ ಏಜೆಂಟ್ ನಮ್ಮ ಹೆಸರನ್ನು ಎರಡೆರಡು ಸಲ ಓದಿಕೊಂಡು, ತಿಳಿಸುತ್ತೇವೆ ಎನ್ನುತ್ತಿದ್ದ. ಯಾರೂ ತಿಳಿಸಲಿಲ್ಲ.

ಊರಿನ ಕನ್ನಡದವರೆಲ್ಲ ಸೇರಿದ್ದ ಆ ಸಲದ ಗಣೇಶ ಚೌತಿಯ ಊಟದ ಹೊತ್ತಿಗೆ ಬೆಳಗಾವಿಯ ಸಂತೋಷ ಪ್ರಕಾಶನ ಪಕ್ಕ ಬಂದು ಕುಳಿತ. ಅವನು ಪ್ರಕಾಶನ ಸಹೋದ್ಯೋಗಿ. ಅಷ್ಟರಲ್ಲೇ ಸುತ್ತಮುತ್ತಲ ಊರುಗಳಲ್ಲಿ ಮೂರು ಫ್ಲ್ಯಾಟು ಕೊಂಡಿದ್ದ.

"ಬಾಡಿಗಿದಾರರು ಇರೂ ಮನೀನ ತಗೊ ದೋಸ್ತ," ಎಂದ. "ಖಾಲಿ ಮನಿಗಿಂತ ಅಗ್ಗ ಸಿಗತೈತಿ. ನಿನ್ನ ಹೆಸರಿಗೆ ಆದ ಮ್ಯಾಲ ಐಗನ್‌ಬೆದಾರ್ಫ್ ಅಂತ ಒಂದ ಪತ್ರ ಕೊಟ್ರ ಮುಗೀತು."

ಮನೆಯ ಯಜಮಾನನಿಗೆ ತನ್ನ ವಾಸಕ್ಕೇ ಮನೆ ಬೇಕಾದರೆ ಬಾಡಿಗೆಯವರನ್ನು ಬಿಡಿಸಲು ಇಲ್ಲಿ ಕಾನೂನಿದೆ. ಅದರ ಹೆಸರೇ ಐಗನ್‌ಬೆದಾರ್ಫ್. ಬಿಡಿಸಿದವರು ಎಲ್ಲಿಗೆ ಹೋಗುತ್ತಾರೆ ಎಂದು ನಾನು ಕೇಳಿದೆ. ಇದು ಜರ್ಮನಿ, ಇಲ್ಲಿ ಸರಕಾರ ಯಾರನ್ನೂ ಬೀದಿಗೆ ಬಿಡುವುದಿಲ್ಲ ಎಂದು ಸಂತೋಷ ಧೈರ್ಯ ಹೇಳಿದ. ನಾನು ಧೈರ್ಯ ತಂದುಕೊಂಡೆ. ಆಗ ನನಗೆ ಬೇಕಾಗಿದ್ದದ್ದೂ ಅಂಥ ಒಂದು ಮಾತೇ.

ಒಂದೇ ತಿಂಗಳಲ್ಲಿ ಮನೆ ಸಿಕ್ಕಿತು. ಯಜಮಾನರಾಗಿದ್ದ ಹಲ್ಲಿನ ಡಾಕ್ಟರು ತೀರಿಕೊಂಡಿದ್ದರು, ದೂರದಲ್ಲಿದ್ದ ಮಗ ಮಾರಲು ಹೊರಟಿದ್ದ. ನೋಡಲು ಹೋದಾಗ ಬಾಗಿಲು ತೆರೆದವರು ಫ್ರಾವ್ ಗೆರ್ಲಾಖ್. ತೆಳ್ಳಗೆ, ನೆಟ್ಟಗೆ, ತೋಳು ಮಡಚಿದ ನೀಲಿ ಅಂಗಿ. ಏಜೆಂಟ್ ಬರುವುದು ತಡವಾದ್ದರಿಂದ ಅವರೇ ನಮ್ಮನ್ನು ಕೋಣೆ ಕೋಣೆಗೆ ಕರೆದೊಯ್ದು ತೋರಿಸಿದರು. ಮೂವತ್ತೆಂಟು ವರ್ಷದಿಂದ ತಾವಿದ್ದ ಮನೆಯನ್ನು, ಬೇರೆಯವರು ಕೊಳ್ಳಲೆಂದು. ಈ ಕಿಟಕಿಯಲ್ಲಿ ಸಂಜೆಯ ಬಿಸಿಲು ಚೆನ್ನ, ಈ ಪೈಪು ಚಳಿಗಾಲದಲ್ಲಿ ಸದ್ದು ಮಾಡುತ್ತದೆ, ಹೆದರಬೇಡಿ. ಗಂಡ ತೀರಿಕೊಂಡು ಹನ್ನೊಂದು ವರ್ಷ, ಮಕ್ಕಳಿಲ್ಲ, ಹ್ಯಾಂಬರ್ಗಿನಲ್ಲಿ ತಮ್ಮನ ಮಗಳೊಬ್ಬಳಿದ್ದಾಳೆ ಎಂದೂ ಹೇಳಿದರು. ಕೊನೆಗೆ ಬಾಗಿಲ ಹತ್ತಿರ ನಿಂತು ಪ್ರಕಾಶನನ್ನು ಒಂದೇ ಒಂದು ಪ್ರಶ್ನೆ ಕೇಳಿದರು.

"ನೀವೇ ಇಲ್ಲಿಗೆ ವಾಸಕ್ಕೆ ಬರುವಿರಾ?"

"ಸದ್ಯಕ್ಕೆ ಇಲ್ಲ," ಎಂದ ಪ್ರಕಾಶ.

ಅವರ ಭುಜ ಸಡಿಲಾದದ್ದು ನನಗೆ ಕಾಣಿಸಿತು. ಒಳಗೆ ಹೋಗಿ ಸಾನ್ವಿಗೆ ಎರಡು ಬಿಸ್ಕತ್ತು ತಂದುಕೊಟ್ಟರು. ಇಳಿಯುವಾಗ ಮೆಟ್ಟಿಲ ಮೇಲೆ ನಾನು ಪ್ರಕಾಶನ ಮುಖ ನೋಡಲಿಲ್ಲ, ಅವನೂ ನನ್ನ ಮುಖ ನೋಡಲಿಲ್ಲ.

ಮನೆ ನಮ್ಮ ಹೆಸರಿಗೆ ಆಗುವಷ್ಟರಲ್ಲಿ ಮಾರ್ಚ್ ಬಂತು. ಅಷ್ಟು ವರ್ಷ ಇದ್ದವರಿಗೆ ಒಂಬತ್ತು ತಿಂಗಳ ಮುಂಚೆ ತಿಳಿಸಬೇಕೆಂದು ನಿಯಮ. ವಕೀಲರು ಪತ್ರ ಬರೆದುಕೊಟ್ಟರು. ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದರೆ ಸಾಕು ಎಂದರು. ನಾನೇ ಕೊಟ್ಟು ಬರುತ್ತೇನೆ ಎಂದೆ. ಅಂಚೆಯವನ ಕೈಯಿಂದ ಅವರು ಅದನ್ನು ತೆಗೆದುಕೊಳ್ಳುವುದು ಸರಿಯಲ್ಲ ಅನ್ನಿಸಿತ್ತು. ನಾನು ಒಳ್ಳೆಯವಳು ಎಂದು ನನಗೆ ನಾನೇ ಹೇಳಿಕೊಳ್ಳಲು ಆ ನಾಲ್ಕು ಹೆಜ್ಜೆ ಬೇಕಾಗಿದ್ದವೋ ಏನೋ.

ಹೊರಗೆ ಹಿಮ ಕರಗಿ ರಸ್ತೆಯೆಲ್ಲ ಕೆಸರು. ಅವರು ಬಾಗಿಲಲ್ಲೇ ಕನ್ನಡಕ ಹಾಕಿಕೊಂಡು ನಿಂತು ಓದಿದರು. ಎರಡು ಪುಟವನ್ನೂ ಓದಿದರು. ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದ ಜರ್ಮನ್ ವಾಕ್ಯಗಳು ಒಂದೂ ಹೊರಗೆ ಬರಲಿಲ್ಲ.

"ಏಪ್ರಿಲಿನ ಮೂರನೇ ಕೆಲಸದ ದಿನಕ್ಕೆ ಮುಂಚೆ ಕೊಟ್ಟಿದ್ದೀರಿ," ಎಂದರು. "ಡಿಸೆಂಬರ್ ಕೊನೆಗೆ ಸರಿಹೋಗುತ್ತದೆ."

ಅವರು ಟ್ರಾಮ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ದಿನ, ಗಂಟೆ, ನಿಮಿಷ ತಪ್ಪುತ್ತಿರಲಿಲ್ಲ. ಪತ್ರವನ್ನು ಮಡಚಿ ಲಕೋಟೆಗೆ ಹಾಕಿ, ಮೆಲ್ಲಗೆ ಮತ್ತೊಂದು ಮಾತು ಹೇಳಿದರು: "ನಿಮ್ಮ ಗಂಡ ಆ ದಿನ ಸದ್ಯಕ್ಕೆ ಇಲ್ಲ ಎಂದಿದ್ದರು. ಆ 'ಸದ್ಯಕ್ಕೆ'ಯನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಬೇಕಾಗಿತ್ತು."

ನನ್ನನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ನಾನು ಅಳತೊಡಗಿದ್ದೆ, ಸಮಾಧಾನ ಮಾಡಿದವರೂ ಅವರೇ. ನಿಮಗೂ ಮಗುವಿದೆ, ನಿಮಗೂ ಒಂದು ಜಾಗ ಬೇಕು ಎಂದರು. ಆ ದಿನವೇ ಅವರು ತಮ್ಮ ಕಥೆ ಹೇಳಿದ್ದು. ಊರು ಸುಟ್ಟಾಗ ಅವರಿಗೆ ನಾಲ್ಕು ವರ್ಷ. ಅವರಮ್ಮ ಒದ್ದೆ ಕಂಬಳಿ ಹೊದಿಸಿ ಎತ್ತಿಕೊಂಡು ಓಡಿದ್ದರಂತೆ. ಆಮೇಲೆ ಎಷ್ಟೋ ವರ್ಷ ಯಾರದೋ ನೆಲಮಾಳಿಗೆಯಲ್ಲಿ ಎರಡು ಸಂಸಾರ ಒಟ್ಟಿಗೆ. ಅವರಪ್ಪ ಕುಸಿದ ಮನೆಗಳ ಇಟ್ಟಿಗೆ ಒಡೆದು ಪುಡಿ ಮಾಡುವ ಜಾಗದಲ್ಲಿ ಕೂಲಿ. ಆ ಪುಡಿಗೆ ಸಿಮೆಂಟು ಕಲಸಿ ಹೊಸ ಮನೆಗಳಿಗೆ ಕಲ್ಲು ಎರಕ ಹೊಯ್ಯುತ್ತಿದ್ದರು.

"ಈ ಗೋಡೆಯೂ ಅದರದ್ದೇ," ಎಂದು ತಮ್ಮ ಬೆನ್ನ ಹಿಂದಿನ ಗೋಡೆಯನ್ನು ಅಂಗೈಯಿಂದ ತಟ್ಟಿದರು. "ಹಳೆಯ ಊರು ಇದರೊಳಗಿದೆ."

ಲ್ಯಾಬಿನಲ್ಲಿ ದಿನವೂ ಕಾಂಕ್ರೀಟು ಒಡೆಯುವವಳು ನಾನು. ಇಟ್ಟಿಗೆ ಚೂರಿನ ಕಲ್ಲು ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ಬಲ್ಲೆ. ಎದ್ದು ಹೋಗಿ ಆ ಗೋಡೆಯನ್ನು ನಾನೂ ಮುಟ್ಟಿ ನೋಡಿದೆ.

ಆ ಬೇಸಿಗೆ ಭಯಂಕರ ಸೆಕೆ. ಲಿಂಡನ್ ಮರಗಳ ಎಲೆ ಜುಲೈಯಲ್ಲೇ ಮುರುಟಿಕೊಂಡಿತ್ತು. ಇಂಟರ್ನೆಟ್ಟಿನಲ್ಲಿ ಮನೆ ಹುಡುಕಲು ಫ್ರಾವ್ ಗೆರ್ಲಾಖ್ ಅವರಿಗೆ ಬರುತ್ತಿರಲಿಲ್ಲ, ಹಾಗಾಗಿ ನಾನು ಹುಡುಕಿಕೊಟ್ಟೆ. ಒಬ್ಬರೇ ಹೋಗಬೇಡಿ ಎಂದು ಜೊತೆಗೂ ಹೋದೆ. ವರ್ಷದ ಹಿಂದೆ ನಾನು ಪ್ರಕಾಶನ ಜೊತೆ ನಿಂತಿದ್ದಂಥ ಸಾಲುಗಳಲ್ಲಿ ಈಗ ಅವರ ಜೊತೆ ನಿಂತೆ. ಅವರು ಒಂದು ಫೈಲಿನಲ್ಲಿ ಪಿಂಚಣಿ ಕಾಗದ, ಹಳೆಯ ಯಜಮಾನರ ಮಗ ಬರೆದುಕೊಟ್ಟಿದ್ದ ಒಳ್ಳೆಯ ನಡತೆಯ ಪತ್ರ, ಎಲ್ಲ ಜೋಡಿಸಿ ಎದೆಗೆ ಹಿಡಿದುಕೊಂಡಿರುತ್ತಿದ್ದರು. ಸ್ಕೂಲಿಗೆ ಸೇರಿಸಲು ಕರೆತಂದ ಮಗುವಿನ ಹಾಗೆ.

ಒಂದು ಮಧ್ಯಾಹ್ನ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ತನ್ನ ನೀರಿನ ಬಾಟಲಿ ಅವರಿಗೆ ಕೊಟ್ಟು, ನನ್ನ ಕಡೆ ನೋಡಿ, ಇವರು ನಿಮ್ಮನ್ನು ನೋಡಿಕೊಳ್ಳುವವರೇ ಎಂದು ಕೇಳಿದಳು.

"ಅಲ್ಲ," ಎಂದರು ಫ್ರಾವ್ ಗೆರ್ಲಾಖ್. "ಇವರು ನನ್ನ ಮನೆಯ ಯಜಮಾನಿ."

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟರು, ಅಷ್ಟೇ. ಆ ಹುಡುಗಿ ನನ್ನನ್ನು ನೋಡಿದ ನೋಟ ಈಗಲೂ ಒಮ್ಮೊಮ್ಮೆ ಬಸ್ಸಿನಲ್ಲಿ ಕುಳಿತಿರುವಾಗ ನೆನಪಾಗಿ ಮುಖ ಬಿಸಿಯಾಗುತ್ತದೆ.

ಎಲ್ಲ ಕಡೆಯೂ ಒಂದೇ ಪಾಡು. ಅರ್ಜಿಯಲ್ಲಿ ಹುಟ್ಟಿದ ವರ್ಷ ನೋಡಿದ ಮೇಲೆ ಏಜೆಂಟ್ ಬಲು ಮರ್ಯಾದೆಯಿಂದ, ಲಿಫ್ಟ್ ಇಲ್ಲವಲ್ಲ, ಎರಡನೇ ಮಹಡಿ ನಿಮಗೆ ಕಷ್ಟವಾದೀತು ಎನ್ನುತ್ತಿದ್ದ. ನಾನು ದಿನವೂ ಮೂರು ಮಹಡಿ ಹತ್ತುತ್ತೇನೆ ಎಂದು ಅವರು ಹೇಳುತ್ತಿದ್ದರು. ಬಾಡಿಗೆಯೂ ಅವರು ಕೊಡುತ್ತಿದ್ದ ಹಳೆಯ ಬಾಡಿಗೆಯ ಎರಡರಷ್ಟು. ಆಗಸ್ಟ್ ಮುಗಿಯುವ ಹೊತ್ತಿಗೆ, ಇವತ್ತು ಬೇಡ, ಮಂಡಿ ನೋಯುತ್ತಿದೆ ಎನ್ನತೊಡಗಿದರು. ಶನಿವಾರ ಮಾತ್ರ ಅದೇ ಮಂಡಿಯೂರಿ ಮೇಣ ತಿಕ್ಕುವುದನ್ನು ಬಿಡಲಿಲ್ಲ.

ಸೆಪ್ಟೆಂಬರಿನಲ್ಲಿ ನಾನು ಪ್ರಕಾಶನಿಗೆ ಪತ್ರ ವಾಪಸು ತೆಗೆದುಕೊಳ್ಳೋಣ ಎಂದೆ. ಭಾನುವಾರ ಬೆಳಗಿನ ಹೊತ್ತು, ಅವನು ರೊಟ್ಟಿ ಬೇಯಿಸುತ್ತಿದ್ದ.

ಅವನ ವಿಷಯ ಒಂದು ಮಾತು ಹೇಳಬೇಕು. ಪ್ರಕಾಶ ಹಳೆ ಬಾಗಲಕೋಟೆಯವನು. ಆಲಮಟ್ಟಿಯ ಹಿನ್ನೀರು ಅವನ ಓಣಿಗೆ ಬಂದಾಗ ಅವನಿನ್ನೂ ಹೈಸ್ಕೂಲಿನಲ್ಲಿದ್ದ. ಅವರಪ್ಪ ಬಾಗಿಲು, ಕಿಟಕಿ, ತೊಲೆ ಎಲ್ಲ ಕಿತ್ತು ಗಾಡಿಗೆ ಹೇರಿಕೊಂಡು ನವನಗರದ ಸೈಟಿಗೆ ಹೋದವರು, ಅಲ್ಲಿ ಮನೆ ಪೂರ್ತಿ ಮಾಡುವ ಮೊದಲೇ ಹಾಸಿಗೆ ಹಿಡಿದರು. ತಂದ ತೊಲೆಗಳು ಎಷ್ಟೋ ವರ್ಷ ಅಂಗಳದಲ್ಲಿ ಮಳೆಗೆ ನೆನೆಯುತ್ತ ಬಿದ್ದಿದ್ದವಂತೆ. ಪ್ರಕಾಶ ಇದನ್ನು ನನಗೆ ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದ. ಮತ್ತೆ ಅದರ ಸುದ್ದಿ ಎತ್ತಿರಲಿಲ್ಲ.

ಆ ದಿನ ರೊಟ್ಟಿ ತಿರುವಿ ಹಾಕುತ್ತ ಹೇಳಿದ: "ನನಗ ಯಾರೂ ಎಬ್ಬಸಲಾರದಂಥಾ ಒಂದ ಮನಿ ಬೇಕು. ಅಷ್ಟ. ಹೆಚ್ಚಿಗಿ ಏನ ಕೇಳಾಕತ್ತೀನಿ?"

"ಈಗ ನಾವ ಒಬ್ಬರನ್ನ ಎಬ್ಬಸಾಕತ್ತೀವಲ್ಲ," ಎಂದೆ.

ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಬಂತು.

"ಡಿಸೆಂಬರಿಗೆ ನಾವು ಎಲ್ಲಿಗೆ ಹೋಗೂದು ಹೇಳು," ಎಂದ. "ನೀ ಒಂದ ಜಾಗಾ ತೋರಸು. ನಾಳೇನ ಆ ಪತ್ರ ಹರದು ಒಗದ ಬರತೀನಿ."

ನನ್ನ ಹತ್ತಿರ ಜಾಗವಿರಲಿಲ್ಲ. ಮುಂದೆ ನಾವು ಆ ಮಾತು ತೆಗೆಯಲಿಲ್ಲ. ಇಷ್ಟು ಹೇಳಿ ತಪ್ಪನ್ನು ಅವನ ಹೆಗಲಿಗೆ ಹೊರಿಸಿ ಮುಗಿಸಬಹುದಿತ್ತು. ಆದರೆ ಅಕ್ಟೋಬರ್ ಬಂತು.

ನಾವು ಕೊಟ್ಟ ಪತ್ರದ ಎರಡನೇ ಪುಟದ ಕೊನೆಗೆ ಒಂದು ಸಾಲಿತ್ತು. ವಯಸ್ಸು, ಕಾಯಿಲೆ, ಬೇರೆ ಮನೆ ಸಿಗದಿರುವುದು ಇಂಥ ಕಾರಣವಿದ್ದರೆ ಬಾಡಿಗೆದಾರರು ಅಕ್ಟೋಬರ್ ಮುಗಿಯುವುದರೊಳಗೆ ಆಕ್ಷೇಪಣೆ ಸಲ್ಲಿಸಬಹುದು ಎಂಬ ಸಾಲು. ವಕೀಲರು ನಮಗೆ ಆಗಲೇ ಎಚ್ಚರಿಸಿದ್ದರು: ಆಕೆ ಆಕ್ಷೇಪಿಸಿದರೆ ಕೋರ್ಟು ಆಕೆಯ ಪರವಾಗಿ ನಿಲ್ಲುವ ಸಾಧ್ಯತೆ ಜಾಸ್ತಿ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಅಕ್ಟೋಬರಿನ ಮೂರನೇ ವಾರ ನಾನು ಅವರ ಮನೆಗೆ ಹೋದಾಗ ಆ ಪತ್ರ ಮೇಜಿನ ಮೇಲಿತ್ತು. ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

"ನಾನು ಕೇಳುವುದು ಸರಿಯಲ್ಲವೇನೋ," ಎಂದರು. "ಆದರೆ ಇಲ್ಲಿ ಕೇಳಲಿಕ್ಕೆ ನನಗೆ ಬೇರೆ ಯಾರೂ ಇಲ್ಲ. ಇದನ್ನು ನಾನು ಬರೆಯಬೇಕೇ? ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?"

ಕಿಟಕಿಯ ಹೊರಗೆ ಟ್ರಾಮ್ ಹೋಗುವ ಸದ್ದು ಕೇಳಿಸಿತು. ಅವರು ಅಭ್ಯಾಸದಂತೆ ಗಡಿಯಾರ ನೋಡಿದರು. ನಾನು ಬರೆಯಿರಿ ಎನ್ನಬೇಕಿತ್ತು. ಒಂದೇ ಪದ. ಆ ಗಳಿಗೆಯಲ್ಲಿ ನನ್ನ ಕಣ್ಣಿಗೆ ಕಂಡದ್ದು ಡಿಸೆಂಬರಿನ ಚಳಿಯಲ್ಲಿ ಪೆಟ್ಟಿಗೆಗಳ ನಡುವೆ ನಿಂತ ಸಾನ್ವಿ, ಅಂಗಳದಲ್ಲಿ ನೆನೆಯುತ್ತಿದ್ದ ತೊಲೆಗಳು, ಎಲ್ಲ.

"ಕೋರ್ಟು ಕಚೇರಿ ಅಂದರೆ ನಿಮಗೆ ತುಂಬಾ ದಣಿವಾಗುತ್ತದೆ," ಎಂದೆ. "ಎಷ್ಟು ತಿಂಗಳು ಹಿಡಿಯುತ್ತದೋ ಏನೋ."

ಸುಳ್ಳು ಹೇಳಲಿಲ್ಲ ನಾನು. ಅವರು ತಲೆಯಾಡಿಸಿದರು. "ನೀವು ಹೇಳುವುದು ನಿಜ, ಈ ವಯಸ್ಸಿನಲ್ಲಿ ಜಗಳ ಬೇಡ," ಎಂದು ಪತ್ರವನ್ನು ಡ್ರಾಯರಿನಲ್ಲಿಟ್ಟು, ನನ್ನ ಸಲಹೆಗೆ ಕೃತಜ್ಞತೆ ಹೇಳಿದರು.

ಕೃತಜ್ಞತೆ ಹೇಳಿದರು.

ಕೊನೆಗೆ ಅವರಿಗೆ ಸಿಕ್ಕಿದ್ದು ಓಡನ್‌ವಾಲ್ಡ್ ಬೆಟ್ಟಗಳ ಆಚೆಯ ಹಳ್ಳಿಯೊಂದರ ವೃದ್ಧಾಶ್ರಮದಲ್ಲಿ ಒಂದು ಕೋಣೆ. ಎರಡು ಬಸ್ಸು ಬದಲಾಯಿಸಿ ಒಂದೂವರೆ ಗಂಟೆಯ ದಾರಿ. ಹ್ಯಾಂಬರ್ಗಿನ ತಮ್ಮನ ಮಗಳು ಫೋನಿನಲ್ಲೇ ಎಲ್ಲ ಏರ್ಪಾಟು ಮಾಡಿ, ಸಾಮಾನು ಸಾಗಿಸಲು ಎರಡು ದಿನ ಬಂದು ಹೋದಳು. ನಮ್ಮ ಮೇಲೆ ಅವಳು ರೇಗಲಿಲ್ಲ. ನವೆಂಬರಿನ ಕೊನೆಯ ವಾರ, ಇಡೀ ದಿನ ಬೆಳಕೇ ಹರಿಯದಂಥ ಮಂಜು. ಕೋಣೆಯಲ್ಲಿ ಹಿಡಿಸದ ಸಾಮಾನನ್ನೆಲ್ಲ ರಸ್ತೆಯ ಬದಿಗೆ ಇಟ್ಟಿದ್ದರು. ದಾರಿಹೋಕರು ಬಂದು ಕುರ್ಚಿ, ದೀಪ, ಪಾತ್ರೆ ಆರಿಸಿಕೊಂಡು ಹೋಗುತ್ತಿದ್ದರು. ಫ್ರಾವ್ ಗೆರ್ಲಾಖ್ ಮೇಲಿನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಯಾರೋ ಅವರ ಗಂಡನ ಬರೆಯುವ ಮೇಜನ್ನು ಸೈಕಲ್ ಗಾಡಿಗೆ ಕಟ್ಟುವಾಗ, ಅದರ ಎಡಗಾಲು ಸಡಿಲ, ಅವನಿಗೆ ಹೇಳಿ ಎಂದು ನನ್ನನ್ನು ಕೆಳಕ್ಕೆ ಕಳಿಸಿದರು. ಹೋಗಿ ಹೇಳಿದೆ.

ನಾವು ಡಿಸೆಂಬರಿನಲ್ಲಿ ಮನೆ ತುಂಬಿದೆವು. ಹಾಲು ಉಕ್ಕಿಸಿದೆ. ಸಂತೋಷ ಸಿಹಿ ತಂದು, ಈ ಬೀದಿಯಲ್ಲಿ ರೇಟು ಮತ್ತೂ ಏರಿದೆ, ಸರಿಯಾದ ಹೊತ್ತಿಗೆ ತೆಗೆದುಕೊಂಡಿರಿ ಎಂದ. ದೇವರ ಗೂಡು ನಿಲ್ಲಿಸಲು ಪ್ರಕಾಶ ಗೋಡೆಗೆ ಡ್ರಿಲ್ ಹಾಕಿದಾಗ ಮೊದಲು ಬಿಳಿ, ಆಮೇಲೆ ಬೂದಿ, ಆಮೇಲೆ ಕೆಂಪು ಪುಡಿ ಉದುರಿತು. ಸಾನ್ವಿ ಕುಂಕುಮ ಎಂದು ಬೆರಳಲ್ಲಿ ಮುಟ್ಟಲು ಹೋದಳು. ಬೇಡ ಎಂದು ನಾನು ಕೂಗಿದ್ದು ನನಗೇ ವಿಪರೀತ ಅನ್ನಿಸಿತು. ಒದ್ದೆ ಬಟ್ಟೆ ತಂದು ಆ ಪುಡಿಯನ್ನು ಒರೆಸಿ ತೆಗೆದೆ.

ಜನವರಿಯಲ್ಲಿ ಎರಡು ಸಲ ಹಳ್ಳಿಗೆ ಹೋಗಿ ಅವರನ್ನು ನೋಡಿ ಬಂದೆ. ಮೊದಲ ಸಲ ಚೆನ್ನಾಗಿದ್ದರು. ಎರಡನೇ ಸಲ ನನ್ನ ಹೆಸರನ್ನು ಸ್ವಲ್ಪ ಹುಡುಕಿದರು. ಕಿಟಕಿಯಿಂದ ಹೊಲ ಮಾತ್ರ ಕಾಣುತ್ತದೆ, ಏನೂ ಓಡಾಡುವುದಿಲ್ಲ ಎಂದರು.

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಮ್ಮ ಬಾಗಿಲ ಬೀಗದಲ್ಲಿ ಯಾರೋ ಕೀಲಿ ತಿರುಗಿಸುವ ಸದ್ದಾಯಿತು. ನಾವು ಬೀಗ ಬದಲಾಯಿಸಿದ್ದೆವು. ಕೀಲಿ ಹೋಗುತ್ತಿರಲಿಲ್ಲ, ಮತ್ತೆ ಮತ್ತೆ ಕೆರೆಯುತ್ತಿತ್ತು. ಸಾನ್ವಿ ಓಡಿಹೋಗಿ ಬಾಗಿಲು ತೆರೆದಳು. ಹೊರಗೆ ಫ್ರಾವ್ ಗೆರ್ಲಾಖ್. ಕೋಟಿನ ಮೇಲೆಲ್ಲ ಹಿಮ. ಕಾಲಿಗೆ ಮನೆಯೊಳಗೆ ಹಾಕುವ ಚಪ್ಪಲಿ, ನೆನೆದು ಕಪ್ಪಾಗಿದ್ದವು.

ಅವರು ಯಾರನ್ನೂ ನೋಡಲಿಲ್ಲ. ತಮ್ಮ ಮನೆಗೆ ಬಂದವರಂತೆ ಸೀದಾ ಒಳಗೆ ಬಂದು, ಕೋಟು ಬಿಚ್ಚಿ, ಬಲಗಡೆಯ ಗೋಡೆಗೆ ತೂಗುಹಾಕಿದರು. ಆ ಜಾಗದಲ್ಲಿದ್ದ ಗೂಟವನ್ನು ನಾವು ಕಿತ್ತಿದ್ದೆವು. ಕೋಟು ನೆಲಕ್ಕೆ ಬಿತ್ತು. ಅದನ್ನವರು ಗಮನಿಸಲಿಲ್ಲ. ಅಡುಗೆಮನೆಯ ಹೊಸಿಲ ತನಕ ಹೋಗಿ, ಒಗ್ಗರಣೆಯ ವಾಸನೆಗೋ ಏನೋ, ಅಲ್ಲೇ ನಿಂತುಬಿಟ್ಟರು. ನಮ್ಮ ಸ್ಟೀಲ್ ಡಬ್ಬಿಗಳನ್ನು ಒಂದೊಂದಾಗಿ ನೋಡಿದರು. ದೇವರ ಗೂಡು ನೋಡಿದರು. ನನ್ನನ್ನು ನೋಡಿದರು. ಆಗ ಅವರ ಮುಖ ನಿಧಾನವಾಗಿ ಕೆಂಪಾಯಿತು. ತಪ್ಪು ತರಗತಿಗೆ ಬಂದು ಕುಳಿತ ಮಗುವಿನ ಮುಖದಲ್ಲಿ ಮಾತ್ರ ಅಂಥ ನಾಚಿಕೆ ನೋಡಿದ್ದೇನೆ.

"ಕ್ಷಮಿಸಿ," ಎಂದರು. "ನಾನು ಇಲ್ಲಿ ಇರುವವಳಲ್ಲ."

ಕ್ಷಮೆ ಕೇಳಬೇಕಾದವಳು ನಾನು. ಅವರು ಮೊದಲು ಕೇಳಿಬಿಟ್ಟರು.

ನೆಲದಿಂದ ಕೋಟು ಎತ್ತಿದವನು ಪ್ರಕಾಶ. ಅದನ್ನು ಕೊಡವಿ, ಹೀಟರಿನ ಮೇಲೆ ಒಣಗಲು ಹಾಕಿ, ಅವರನ್ನು ಕೂರಿಸಿ, ಅವರ ಚಪ್ಪಲಿ ಕಳಚಿ ತನ್ನ ಉಣ್ಣೆಯ ಕಾಲುಚೀಲ ತೊಡಿಸಿದ. ಹೇಗೆ ಬಂದಿರಿ ಎಂದು ಮೆಲ್ಲಗೆ ಕೇಳಿದ. ಒಂಬತ್ತು ಹನ್ನೆರಡರ ಬಸ್ಸು, ಆಮೇಲೆ ಒಂಬತ್ತು ಐವತ್ತೊಂದರದ್ದು, ಸ್ಟೇಷನ್ನಿನಿಂದ ಟ್ರಾಮ್ ಎಂದು ಒಂದೂ ತಪ್ಪದೆ ಹೇಳಿದರು. ತಾವೀಗ ಎಲ್ಲಿರುವುದು ಎಂಬುದೊಂದು ಮರೆತಿತ್ತು. ಸಾನ್ವಿ ಅವರ ಪಕ್ಕ ಕುಳಿತು ಜರ್ಮನಿನಲ್ಲಿ, ನೀವು ಇಲ್ಲೇ ಇರಿ, ನನ್ನ ಕೋಣೆಯಲ್ಲಿ ಜಾಗವಿದೆ ಎಂದಳು. ಫ್ರಾವ್ ಗೆರ್ಲಾಖ್ ಅವಳ ಕೈ ಸವರಿದರು. ನಾನು ವೃದ್ಧಾಶ್ರಮಕ್ಕೆ ಫೋನು ಮಾಡಿದೆ.

ಪ್ರಕಾಶ ಅವರನ್ನು ಕಾರಿನಲ್ಲಿ ಹಳ್ಳಿಗೆ ಬಿಟ್ಟುಬಂದ. ಮೂರು ಗಂಟೆಗೆ ಕಾರು ವಾಪಸು ಬಂದು ಮನೆಯ ಮುಂದೆ ನಿಂತದ್ದನ್ನು ಕಿಟಕಿಯಿಂದ ನೋಡಿದೆ. ಅವನು ಇಳಿಯಲಿಲ್ಲ. ಗಾಜಿನ ಮೇಲೆ ಹಿಮ ಬಿದ್ದು ಒಳಗಿನವನು ಕಾಣದಂತಾಯಿತು. ನಾನು ಕೆಳಗಿಳಿದು ಹೋಗಿ ಬಾಗಿಲು ತೆಗೆದರೆ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅಳುತ್ತಿದ್ದ. "ಇಳಿಯೂ ಮುಂದ ನನ್ನ ಕೈ ಹಿಡಕೊಂಡು, 'ಮನಿಗೆ ಬಂದಾಗ ಮತ್ತ ಸಿಗೋಣು' ಅಂದ್ರು," ಎಂದ. "ಯಾವ ಮನಿಗೆ ಅಂತ ನಾ ಕೇಳಲಿಲ್ಲ."

ಆಮೇಲೆ ಅವರನ್ನು ಬಾಗಿಲಿಗೆ ಬೀಗವಿರುವ ವಿಭಾಗಕ್ಕೆ ಬದಲಾಯಿಸಿದರು. ಮಾರ್ಚಿನಲ್ಲಿ ನೋಡಲು ಹೋದಾಗ ನನ್ನನ್ನು ನರ್ಸ್ ಎಂದುಕೊಂಡರು. ಜೂನಿನಲ್ಲಿ ಕಪ್ಪು ಅಂಚಿನ ಕಾರ್ಡು ಬಂತು, ಹ್ಯಾಂಬರ್ಗಿನಿಂದ. ಅಂತ್ಯಕ್ರಿಯೆ ಮುಗಿದು ವಾರವಾಗಿತ್ತು. ಡಾರ್ಮ್‌ಸ್ಟಾಟಿನ ಕಾಡಂಚಿನ ಸ್ಮಶಾನದಲ್ಲಿ ಗಂಡನ ಪಕ್ಕದಲ್ಲೇ ಇಟ್ಟಿದ್ದರು. ಇಲ್ಲಿ ಮಣ್ಣಿನ ಆ ಜಾಗವೂ ಇಷ್ಟು ವರ್ಷಕ್ಕೆಂದು ಬಾಡಿಗೆಗೆ ಪಡೆಯುವುದು. ಅವಧಿ ಮುಗಿದರೆ ಬೇರೆಯವರಿಗೆ. ನಾವು ಮೂವರೂ ಹೋಗಿ ಹೂವಿಟ್ಟು ಬಂದೆವು.

ಆ ಮನೆ ನಮಗೂ ಒಗ್ಗಲಿಲ್ಲ ಎಂದರೆ ಕಥೆ ಕಟ್ಟಿದ ಹಾಗಾಗುತ್ತದೆ. ಒಗ್ಗಿತು. ಸಂಜೆಯ ಬಿಸಿಲು ಅವರು ಹೇಳಿದಂತೆ ಚೆನ್ನಾಗಿತ್ತು. ಸಾನ್ವಿ ಅಲ್ಲಿ ಓದಲು ಕಲಿತಳು. ನಾವು ನಕ್ಕೆವು, ಹಬ್ಬ ಮಾಡಿದೆವು. ಆಮೇಲೆ ಪ್ರಕಾಶನ ವಿಭಾಗ ಮುಚ್ಚಿತು, ರೇಗನ್ಸ್‌ಬರ್ಗಿನಲ್ಲಿ ಕೆಲಸ ಸಿಕ್ಕಿತು. 'ಯಾರೂ ಎಬ್ಬಸಲಾರದ ಮನಿ'ಯಿಂದ ನಾವೇ ಎದ್ದೆವು. ಸಂತೋಷ ಹೇಳಿದಂತೆ ರೇಟು ಏರಿತ್ತು, ಮಾರಲು ಎರಡು ವಾರವೂ ಹಿಡಿಯಲಿಲ್ಲ.

ಕೀಲಿ ಒಪ್ಪಿಸುವ ದಿನ ಕೊಂಡ ದಂಪತಿ ಬಂದರು. ಇಬ್ಬರೂ ಮೂವತ್ತರೊಳಗಿನವರು, ಅವಳು ತುಂಬು ಗರ್ಭಿಣಿ. ಖಾಲಿ ಕೋಣೆಗಳಲ್ಲಿ ಓಡಾಡಿ, ಎಷ್ಟು ಬೆಳಕು ಎಂದು ಸಂತೋಷಪಟ್ಟಳು. ನಿಮಗಿಂತ ಮೊದಲು ಇಲ್ಲಿ ಯಾರಿದ್ದರು ಎಂದು ಸುಮ್ಮನೆ ಕೇಳಿದಳು. ಒಬ್ಬರು ಹಿರಿಯರು, ಮೂವತ್ತೆಂಟು ವರ್ಷ ಇದ್ದರು ಎಂದೆ.

"ಓ, ಇಲ್ಲೇ ತೀರಿಕೊಂಡರೇ?"

ಹೂಂ ಎಂದುಬಿಡಬಹುದಿತ್ತು. ಪ್ರಕಾಶ ನನ್ನ ಕಡೆ ನೋಡಿದ.

"ಇಲ್ಲ," ಎಂದೆ. "ಅವರಿಗೆ ಹೋಗಲು ಮನಸ್ಸಿರಲಿಲ್ಲ. ನಾವು ಬಿಡಿಸಿದೆವು."

ಅವಳ ಗಂಡ ಮೀಟರ್ ಓದುತ್ತಿದ್ದವನು ತಲೆ ಎತ್ತಿದ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ, ತಪ್ಪು ಹುಡುಕುವ ಉದ್ದೇಶವೇನೂ ಇಲ್ಲದೆ, ಲೆಕ್ಕ ತಿಳಿಯಲೆಂಬಂತೆ ಕೇಳಿದಳು.

"ಮತ್ತೆ ನೀವು ಎಷ್ಟು ವರ್ಷ ಇದ್ದಿರಿ?"

ಉತ್ತರ ಕೊಟ್ಟವನು ಪ್ರಕಾಶ.

"ಎರಡು ವರ್ಷ ಏಳು ತಿಂಗಳು," ಎಂದು ಹೇಳಿ, ಅವಳ ಮುಖ ನೋಡದೆ ಕೀಲಿಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.